ಓಮ್ ಅವರನ್ನು ಕೆಲಸದಿಂದ ತೆಗೆದರೇ? ಬೀಗ ಮಾಡುವವರ ಮಗನ ನಿಜ ಕಥೆ, ಮತ್ತು ರಾಕೆಟ್ ಏಳದಂತೆ ಮಾಡುವ ಪುಟ್ಟ ಕ್ಲಿಪ್

ಮಾದರಿ ರಾಕೆಟ್ ಹಾರಿಸುವ ವಿಡಿಯೊಗಳನ್ನು ನೀವು ಮೊಬೈಲ್‌ನಲ್ಲಿ ನೋಡಿರಬಹುದು. ಐದು, ನಾಲ್ಕು, ಮೂರು ಎಂದು ಎಣಿಸುತ್ತಾರೆ. ಬಟನ್ ಒತ್ತುತ್ತಾರೆ. ಏನೂ ಆಗುವುದಿಲ್ಲ. ಬ್ಯಾಟರಿ ಹೊಸದು, ಸಂಪರ್ಕ ಸರಿ ಇದೆಯೆಂದು ತೋರಿಸುವ ಬಲ್ಬ್ ಕೂಡ ಉರಿದಿತ್ತು. ಆದರೂ ರಾಕೆಟ್ ಏಳಲಿಲ್ಲ. ಅನುಭವ ಇರುವವರು ಆಗ ಬ್ಯಾಟರಿಯ ಕಡೆ ತಿರುಗುವುದಿಲ್ಲ. ಮೊದಲು ನೋಡುವುದು ಇಗ್ನೈಟರ್ ತಂತಿಯನ್ನು ಕಚ್ಚಿ ಹಿಡಿದಿರುವ ಎರಡು ಮೊಸಳೆ ಕ್ಲಿಪ್‌ಗಳನ್ನು.

ಹತ್ತಿಪ್ಪತ್ತು ರೂಪಾಯಿಯ ಕ್ಲಿಪ್‌ಗೆ ಇಷ್ಟು ಮಹತ್ವ ಯಾಕೆ? ಇದಕ್ಕೆ ಉತ್ತರ ಕೊಟ್ಟವರು ಸುಮಾರು 200 ವರ್ಷಗಳ ಹಿಂದೆ ಜರ್ಮನಿಯ ಕಲೋನ್ ನಗರದಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಶಾಲಾ ಮೇಷ್ಟ್ರು, ಜಾರ್ಜ್ ಸೈಮನ್ ಓಮ್. ಹೈಸ್ಕೂಲಿನಲ್ಲಿ ಓಮ್‌ನ ನಿಯಮ ಓದಿದ ಎಲ್ಲರಿಗೂ ಹೆಸರು ಗೊತ್ತು, ಮನುಷ್ಯನ ಬಗ್ಗೆ ಗೊತ್ತಿರುವುದು ಕಡಿಮೆ. ಗೊತ್ತಿದ್ದರೂ ಅದು ಒಂದೇ ಕಥೆ: ನಿಯಮ ಕಂಡುಹಿಡಿದ ತಪ್ಪಿಗೆ ಓಮ್ ಅವರನ್ನು ಕೆಲಸದಿಂದ ಕಿತ್ತುಹಾಕಿದರು ಎಂಬುದು. ಆ ಕಥೆ ಎಷ್ಟು ನಿಜ ಎಂಬುದನ್ನೂ ನೋಡೋಣ. ಮೊದಲು ಅವರ ಮನೆಯಿಂದ ಶುರು ಮಾಡೋಣ.

ಬೀಗದ ಅಂಗಡಿಯಲ್ಲಿ ಗಣಿತ

ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಈಗಿನ ಬವೇರಿಯಾ ರಾಜ್ಯದಲ್ಲಿರುವ ಎರ್ಲಾಂಗೆನ್ ಎಂಬ ಊರಿನಲ್ಲಿ. ತಂದೆ ಯೋಹಾನ್ ವೋಲ್ಫ್‌ಗ್ಯಾಂಗ್ ಬೀಗ ತಯಾರಿಸುವ ಕಸುಬಿನವರು. ತಾಯಿ ದರ್ಜಿಯೊಬ್ಬರ ಮಗಳು. ಏಳು ಮಕ್ಕಳಲ್ಲಿ ಉಳಿದವರು ಮೂವರೇ. ಜಾರ್ಜ್‌ಗೆ ಹತ್ತು ವರ್ಷವಾದಾಗ ತಾಯಿಯೂ ತೀರಿಕೊಂಡರು.

ತಂದೆ ಶಾಲೆ ಕಲಿತವರಲ್ಲ. ಆದರೆ ಸ್ವಂತವಾಗಿ ಓದಿ ಗಣಿತ, ಭೌತಶಾಸ್ತ್ರ ಎರಡನ್ನೂ ಕರಗತ ಮಾಡಿಕೊಂಡಿದ್ದರು. ಮಕ್ಕಳಿಗೆ ಅವರೇ ಗುರು. ಜಾರ್ಜ್ ಹದಿನೈದರ ಹುಡುಗನಾಗಿದ್ದಾಗ ಲ್ಯಾಂಗ್ಸ್‌ಡಾರ್ಫ್ ಎಂಬ ಪ್ರಾಧ್ಯಾಪಕರು ಪರೀಕ್ಷೆ ಮಾಡಿ ನೋಡಿದರು. ಈ ಮನೆಯಿಂದ ಬರ್ನೂಲಿ ಸೋದರರಂಥ ಗಣಿತಜ್ಞರು ಬರಬಹುದು ಎಂದು ಅವರಿಗೆ ಅನಿಸಿತು. ಅನಿಸಿಕೆ ಸುಳ್ಳಾಗಲಿಲ್ಲ. ತಮ್ಮ ಮಾರ್ಟಿನ್ ಕೂಡ ಗಣಿತಜ್ಞರಾದರು. ಹೂವು, ಶಂಖ, ದೇವಸ್ಥಾನಗಳ ಚಿತ್ರ ಹಾಕಿ 'ಗೋಲ್ಡನ್ ರೇಷಿಯೊ' ಬಗ್ಗೆ ಬರುವ ಫಾರ್ವರ್ಡ್‌ಗಳನ್ನು ನೀವು ನೋಡಿದ್ದರೆ, ಆ ಅನುಪಾತಕ್ಕೆ ಚಿನ್ನದ ಹೆಸರನ್ನು ಅಚ್ಚಿನಲ್ಲಿ ಮೊದಲು ಬಳಸಿದವರಲ್ಲಿ ಈ ಮಾರ್ಟಿನ್ ಓಮ್ ಒಬ್ಬರು. ವರ್ಷ 1835.

ತಂದೆಯಿಂದ ಜಾರ್ಜ್ ಕಲಿತದ್ದು ಲೆಕ್ಕ ಮಾತ್ರ ಅಲ್ಲ. ಲೋಹವನ್ನು ಕತ್ತರಿಸುವುದು, ಅರದಿಂದ ಉಜ್ಜುವುದು, ಒಂದು ತುಂಡು ಇನ್ನೊಂದಕ್ಕೆ ಸರಿಯಾಗಿ ಕೂರುವಂತೆ ಮಾಡುವುದು ಇವೂ ಬಂದವು. ಮುಂದೆ ಅವರ ಕೈ ಹಿಡಿದದ್ದು ಈ ಕೈಕೆಲಸವೇ ಎಂಬುದು ನಮ್ಮ ಅಭಿಪ್ರಾಯ.

1805ರಲ್ಲಿ ಊರಿನ ವಿಶ್ವವಿದ್ಯಾಲಯ ಸೇರಿದ ಹುಡುಗ ಓದುವುದಕ್ಕಿಂತ ನೃತ್ಯ, ಬಿಲಿಯರ್ಡ್ಸ್, ಮಂಜಿನ ಮೇಲಿನ ಸ್ಕೇಟಿಂಗ್ ಇವುಗಳಲ್ಲಿ ಹೆಚ್ಚು ಮುಳುಗಿದ. ತಂದೆಗೆ ಸಿಟ್ಟು ಬಂತು. ಮೂರು ಸೆಮಿಸ್ಟರಿಗೆ ಓದು ನಿಂತಿತು. 1806ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಶಾಲೆಗೆ ಗಣಿತ ಮೇಷ್ಟ್ರಾಗಿ ಕಳಿಸಿದರು. ಅಲ್ಲಿ ಒಬ್ಬರೇ ಕೂತು ದೊಡ್ಡ ಗಣಿತಜ್ಞರ ಗ್ರಂಥಗಳನ್ನು ಓದಿ, ಊರಿಗೆ ಮರಳಿ, 1811ರಲ್ಲಿ ಡಾಕ್ಟರೇಟ್ ಪಡೆದರು. ಡಾಕ್ಟರೇಟ್ ಬಂದರೂ ಒಳ್ಳೆಯ ಕೆಲಸ ಬರಲಿಲ್ಲ. ಬ್ಯಾಂಬರ್ಗ್ ಊರಿನ ಒಂದು ಸಾಧಾರಣ ಶಾಲೆಯಲ್ಲಿ ಪಾಠ ಹೇಳುತ್ತ ದಿನ ತಳ್ಳಿದರು. 1816ರಲ್ಲಿ ಆ ಶಾಲೆಯೂ ಮುಚ್ಚಿತು. ಅಷ್ಟರಲ್ಲಿ ಬರೆದಿದ್ದ ರೇಖಾಗಣಿತದ ಪುಸ್ತಕವೊಂದು ಪ್ರಷ್ಯಾದ ದೊರೆಯ ಕೈ ಸೇರಿ, 1817ರಲ್ಲಿ ಕಲೋನ್‌ನ ಹಳೆಯ ಜೆಸ್ಯೂಟ್ ಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರ ಹುದ್ದೆ ಸಿಕ್ಕಿತು. ಆ ಶಾಲೆಗೆ ಒಳ್ಳೆಯ ಪ್ರಯೋಗಾಲಯವಿತ್ತು.

ಮೊದಲ ಸೂತ್ರ ತಪ್ಪಾಗಿತ್ತು

1820ರಲ್ಲಿ ಡೆನ್ಮಾರ್ಕಿನ ಏರ್‌ಸ್ಟೆಡ್ ಒಂದು ಸಂಗತಿ ಕಂಡುಹಿಡಿದರು: ತಂತಿಯಲ್ಲಿ ವಿದ್ಯುತ್ ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುತ್ತದೆ. ಅಂದರೆ ಕರೆಂಟ್ ಹೆಚ್ಚೋ ಕಡಿಮೆಯೋ ಎಂದು ಅಳೆಯುವ ದಾರಿ ಸಿಕ್ಕಂತಾಯಿತು. ಓಮ್ ತೆಳುವಾದ ಲೋಹದ ಎಳೆಗೆ ಕಾಂತದ ಮುಳ್ಳು ತೂಗುಬಿಟ್ಟರು. ಕರೆಂಟ್ ಹರಿದಾಗ ಮುಳ್ಳು ತಿರುಗುತ್ತದೆ. ಅದನ್ನು ಮೊದಲಿನ ಜಾಗಕ್ಕೆ ತರಲು ಮೇಲಿನಿಂದ ಎಳೆಯನ್ನು ಎಷ್ಟು ತಿರುಚಬೇಕಾಯಿತೋ ಅದೇ ಕರೆಂಟಿನ ಅಳತೆ.

ತಂತಿ ಉದ್ದವಾದಂತೆ ಕರೆಂಟ್ ಎಷ್ಟು ಕುಗ್ಗುತ್ತದೆ? ಇದು ಪ್ರಶ್ನೆ. 1825ರಲ್ಲಿ ಅವರು ಒಂದು ಉತ್ತರ ಪ್ರಕಟಿಸಿದರು. ಅದರಲ್ಲಿ ಲಾಗರಿದಮ್ ಇತ್ತು, ಸೂತ್ರ ತಪ್ಪಾಗಿತ್ತು. ಅಂದಿನ ರಾಸಾಯನಿಕ ಬ್ಯಾಟರಿ ಬಳಸುತ್ತಿದ್ದಂತೆಯೇ ಶಕ್ತಿ ಕಳೆದುಕೊಳ್ಳುತ್ತಿತ್ತು. ತಂತಿ ಬದಲಿಸಿ ಇನ್ನೊಮ್ಮೆ ಅಳೆಯುವಷ್ಟರಲ್ಲಿ ಬ್ಯಾಟರಿಯೇ ಮೊದಲಿನಂತೆ ಇರುತ್ತಿರಲಿಲ್ಲ. ಓಡುವ ತಕ್ಕಡಿಯಲ್ಲಿ ಅಕ್ಕಿ ತೂಗಿದ ಹಾಗೆ.

ಪತ್ರಿಕೆಯ ಸಂಪಾದಕರಾಗಿದ್ದ ಪೊಗ್ಗೆನ್‌ಡಾರ್ಫ್ ಒಂದು ಸಲಹೆ ಕೊಟ್ಟರು: ಬ್ಯಾಟರಿ ಬಿಡಿ, ಎರಡು ಲೋಹಗಳ ಬೆಸುಗೆಯನ್ನು ಒಂದು ಕಡೆ ಕಾಯಿಸಿ ಇನ್ನೊಂದು ಕಡೆ ತಣ್ಣಗಿಟ್ಟಾಗ ಹುಟ್ಟುವ ವಿದ್ಯುತ್ ಬಳಸಿ. ಓಮ್ ಬಿಸ್ಮತ್ ಮತ್ತು ತಾಮ್ರ ಜೋಡಿಸಿ, ಒಂದು ತುದಿಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಕರಗುವ ಮಂಜುಗಡ್ಡೆಯಲ್ಲಿ ಇಟ್ಟರು. ಕುದಿನೀರಿನ ಬಿಸಿಯೂ ಕರಗುವ ಮಂಜಿನ ತಂಪೂ ಏರುಪೇರಾಗುವುದಿಲ್ಲ. ಹಾಗಾಗಿ ವಿದ್ಯುತ್ತಿನ ಒತ್ತಡವೂ ಸ್ಥಿರವಾಗಿ ಉಳಿಯಿತು.

ಇನ್ನು ಉಳಿದದ್ದು ತಂತಿ ಸೇರುವ ಜಾಗ. ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ಒಂದಾದ ಮೇಲೊಂದು ಹಾಕಿ ತೆಗೆಯಬೇಕು. ಉದ್ದ 2, 4, 6, 10, 18, 34, 66, 130 ಇಂಚು. ಪ್ರತಿ ಸಲವೂ ಸಂಪರ್ಕ ಒಂದೇ ರೀತಿ ಇರಬೇಕು. ಇಲ್ಲದಿದ್ದರೆ ಅಳೆದದ್ದು ತಂತಿಯನ್ನೋ ಸಡಿಲ ಗಂಟನ್ನೋ ಎಂದೇ ಗೊತ್ತಾಗುವುದಿಲ್ಲ. ಅಂದು ಮೊಸಳೆ ಕ್ಲಿಪ್ ಇರಲಿಲ್ಲ. ಓಮ್ ಪುಟ್ಟ ಬಟ್ಟಲುಗಳಲ್ಲಿ ಪಾದರಸ ತುಂಬಿ ತಂತಿಯ ತುದಿಗಳನ್ನು ಅದರಲ್ಲಿ ಅದ್ದಿದರು. ದ್ರವ ಲೋಹ ತಂತಿಯ ತುದಿಯನ್ನು ಸುತ್ತಲೂ ತಬ್ಬಿಕೊಳ್ಳುತ್ತದೆ. ಅದಕ್ಕೆ ಹಲ್ಲಿಲ್ಲ, ಸ್ಪ್ರಿಂಗ್ ಇಲ್ಲ, ಸಡಿಲವಾಗುವ ಮಾತೂ ಇಲ್ಲ. (ಪಾದರಸದ ಆವಿ ವಿಷ. ಇದನ್ನು ಮನೆಯಲ್ಲಿ ಮಾಡುವ ಯೋಚನೆಯೇ ಬೇಡ.)

1826ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಕರೆಂಟ್ ಬೇಕಿದ್ದರೆ ಒಂದು ಸಂಖ್ಯೆಯನ್ನು ಇನ್ನೆರಡು ಸಂಖ್ಯೆಗಳ ಮೊತ್ತದಿಂದ ಭಾಗಿಸಿ. ಮೇಲಿನ ಸಂಖ್ಯೆ ವಿದ್ಯುತ್ ಮೂಲದ ಬಲ. ಕೆಳಗಿನ ಎರಡರಲ್ಲಿ ಒಂದು ಪರೀಕ್ಷಿಸುವ ತಂತಿಯ ಉದ್ದ. ಇನ್ನೊಂದು, ಆ ತಂತಿಯನ್ನು ಬಿಟ್ಟು ಮಂಡಲದಲ್ಲಿರುವ ಉಳಿದೆಲ್ಲದರ ಅಡ್ಡಿ. ಓಮ್ ಅವರ ಉಪಕರಣದಲ್ಲಿ ಈ 'ಉಳಿದದ್ದು' ಅದೇ ತಾಮ್ರದ ತಂತಿಯ 20 ಇಂಚಿಗಿಂತ ಸ್ವಲ್ಪ ಹೆಚ್ಚು ಉದ್ದಕ್ಕೆ ಸಮವಾಗಿತ್ತು.

ಶಾಲಾ ಪುಸ್ತಕದ ಸರಳ ಸೂತ್ರದಲ್ಲಿ ಈ ಮೂರನೇ ಸಂಖ್ಯೆ ಕಾಣುವುದಿಲ್ಲ. ನಿಜವಾದ ಚಮತ್ಕಾರ ಇರುವುದೇ ಅಲ್ಲಿ. ಓಮ್ ಅವರ ತಂತಿಯನ್ನು 4 ಇಂಚಿನಿಂದ 2 ಇಂಚಿಗೆ, ಅಂದರೆ ಅರ್ಧಕ್ಕೆ, ಇಳಿಸಿದರೆ ಕರೆಂಟ್ ದುಪ್ಪಟ್ಟಾಗುವುದಿಲ್ಲ. ಶೇ. 9ರಷ್ಟು ಮಾತ್ರ ಏರುತ್ತದೆ. ಯಾಕೆಂದರೆ ಕಣ್ಣಿಗೆ ಕಾಣದ ಆ 20 ಇಂಚು ಜಾಗ ಬಿಡದೆ ಕೂತಿದೆ.

ರಾಕೆಟ್ ಮೈದಾನದಲ್ಲಿ ಅದೇ ಲೆಕ್ಕ

ಈಗ ರಾಕೆಟ್ ಕಡೆ ಬರೋಣ. ಮಾದರಿ ರಾಕೆಟ್ ಅಮೆರಿಕದಲ್ಲಿ 1950ರ ದಶಕದಲ್ಲಿ ಬೆಳೆದ ಹವ್ಯಾಸ. ಕಾಗದ, ಹಗುರ ಮರ, ಪ್ಲಾಸ್ಟಿಕ್‌ನ ಮೈ, ಕಾರ್ಖಾನೆಯಲ್ಲಿ ತಯಾರಾದ ಮೋಟಾರು. ಬತ್ತಿ ಹಚ್ಚಿ ಓಡುವ ಬದಲು ದೂರ ನಿಂತು ವಿದ್ಯುತ್ತಿನಿಂದ ಹೊತ್ತಿಸುತ್ತಾರೆ. ಹೀಗಾದರೆ ಕೊನೆಯ ಕ್ಷಣದಲ್ಲೂ ನಿಲ್ಲಿಸಬಹುದು. ಮೋಟಾರಿನ ಬಾಯೊಳಗೆ ಇಗ್ನೈಟರ್ ಎಂಬ ಸಣ್ಣ ತಂತಿ. ಕರೆಂಟ್ ಹರಿದರೆ ಅದು ಕೆಂಪಾಗಿ ಕಾದು ಮೋಟಾರನ್ನು ಹೊತ್ತಿಸುತ್ತದೆ. ಆ ತಂತಿಗೆ ಕರೆಂಟ್ ತಲುಪಿಸುವುದು ಎರಡು ಕ್ಲಿಪ್.

ಒಂದು ಉದಾಹರಣೆ ಲೆಕ್ಕ. ನಾಲ್ಕು ಎಎ ಸೆಲ್, ಒಟ್ಟು 6 ವೋಲ್ಟ್. ಇಗ್ನೈಟರಿನ ರೋಧ 1 ಓಮ್. ಸೆಲ್, ತಂತಿ, ಸ್ವಿಚ್ ಎಲ್ಲ ಸೇರಿ 0.5 ಓಮ್ ಎಂದುಕೊಳ್ಳಿ. ಕರೆಂಟ್ 4 ಆಂಪಿಯರ್, ಇಗ್ನೈಟರಿಗೆ ಸಿಗುವ ಬಿಸಿ 16 ವ್ಯಾಟ್. ಈಗ ಎರಡು ಕ್ಲಿಪ್‌ಗಳೂ ಮಸಿ ಹಿಡಿದು ತಲಾ ಅರ್ಧ ಓಮ್ ಅಡ್ಡಿ ಒಡ್ಡಿದವು ಅನ್ನಿ. ಕರೆಂಟ್ 2.4 ಆಂಪಿಯರಿಗೆ ಇಳಿಯಿತು. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಇಗ್ನೈಟರಿಗೆ ಸಿಗುವುದು 6 ವ್ಯಾಟಿಗೂ ಕಡಿಮೆ. ಅಷ್ಟೇ ಬಿಸಿ ಕ್ಲಿಪ್‌ಗಳಲ್ಲೇ ಪೋಲಾಗುತ್ತದೆ.

ಹಾಗಾದರೆ ಪರೀಕ್ಷಾ ಬಲ್ಬ್ ಉರಿದದ್ದು ಹೇಗೆ? ಬಲ್ಬ್ ಉರಿದರೆ ಕನೆಕ್ಷನ್ ಪಕ್ಕಾ ಎಂಬುದು ತುಂಬ ಜನ ನಂಬಿರುವ ಮಾತು. ಬಲ್ಬಿನ ರೋಧ 20 ಓಮ್ ಇದ್ದರೆ ಕ್ಲಿಪ್‌ಗಳ ಹೆಚ್ಚುವರಿ 1 ಓಮ್ ಸೇರಿದಾಗ ಕರೆಂಟ್ ಇಳಿಯುವುದು ಶೇ. 5ರಷ್ಟು. ಅದು ಕಣ್ಣಿಗೆ ಗೊತ್ತೇ ಆಗುವುದಿಲ್ಲ. ತಂತಿ ಎಲ್ಲೂ ತುಂಡಾಗಿಲ್ಲ ಎಂದಷ್ಟೇ ಬಲ್ಬ್ ಹೇಳುತ್ತದೆ. ಸ್ಕೂಟರಿನ ಬ್ಯಾಟರಿ ಟರ್ಮಿನಲ್‌ಗೆ ಬಿಳಿ ಪುಡಿ ಹಿಡಿದಾಗ ಇಂಡಿಕೇಟರ್ ಉರಿಯುತ್ತದೆ, ಹಾರ್ನ್ ಕೂಗುತ್ತದೆ, ಸೆಲ್ಫ್ ಸ್ಟಾರ್ಟ್ ಮಾತ್ರ ಟಕ್ ಎಂದು ನಿಲ್ಲುತ್ತದೆ. ಅದೇ ಕಾರಣ.

ಇನ್ನೊಂದು ತಪ್ಪು ತಿಳಿವಳಿಕೆ ಎಂದರೆ ವೋಲ್ಟ್ ಜಾಸ್ತಿ ಇದ್ದರೆ ಸಾಕು ಎಂಬುದು. ಚೌಕಟ್ಟಾದ ಪುಟ್ಟ 9 ವೋಲ್ಟ್ ಬ್ಯಾಟರಿಯ ಒಳಗಿನ ರೋಧವೇ ಸುಮಾರು 2 ಓಮ್ ಎಂದುಕೊಂಡರೆ 1 ಓಮ್ ಇಗ್ನೈಟರಿಗೆ ಸಿಗುವುದು ಹೆಚ್ಚೆಂದರೆ 3 ಆಂಪಿಯರ್. ನಾಲ್ಕು ಎಎ ಸೆಲ್‌ಗಳ 6 ವೋಲ್ಟ್ ಇದಕ್ಕಿಂತ ಮೇಲು. ಓಮ್ ಅವರ 'ಉಳಿದದ್ದು' ಇಲ್ಲಿ ಬ್ಯಾಟರಿಯ ಹೊಟ್ಟೆಯೊಳಗೆ ಅಡಗಿದೆ.

ಎಂಥ ಕ್ಲಿಪ್ ಬಾಳಿಕೆ ಬರುತ್ತದೆ?

ರಾಕೆಟ್ ಕ್ಲಿಪ್‌ನ ಶತ್ರು ರಾಕೆಟ್ಟೇ. ಸಣ್ಣ ಮೋಟಾರುಗಳಲ್ಲಿರುವುದು ಹೆಚ್ಚಾಗಿ ಇದ್ದಿಲು, ಗಂಧಕ, ಪೆಟ್ಲುಪ್ಪು ಸೇರಿದ ಹಳೆಯ ಮದ್ದು. ಪ್ರತಿ ಉಡಾವಣೆಯಲ್ಲೂ ಅದರ ಬೆಂಕಿ ನೇರವಾಗಿ ಕ್ಲಿಪ್ ಮೇಲೆ ಬೀಳುತ್ತದೆ. ಹಿಂದೆ ಉಳಿಯುವ ಬೂದಿಯಲ್ಲಿರುವ ಲವಣಗಳು ಗಾಳಿಯ ತೇವ ಹೀರಿಕೊಂಡು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತವೆ, ಗಂಧಕ ತಾಮ್ರವನ್ನು ಕಪ್ಪಾಗಿಸುತ್ತದೆ. ತುಕ್ಕೂ ಕಿಲುಬೂ ಕರೆಂಟಿಗೆ ಅಡ್ಡಗೋಡೆ.

ಅಗ್ಗದ ಕ್ಲಿಪ್‌ಗಳು ಲೇಪನ ಮಾಡಿದ ಉಕ್ಕಿನವು. ಹೊಸದರಲ್ಲಿ ಚೆನ್ನಾಗಿಯೇ ಇರುತ್ತವೆ. ಹಲ್ಲಿನ ತುದಿಯ ಲೇಪನ ಸವೆದ ಮೇಲೆ ತುಕ್ಕು ಅಲ್ಲಿಂದಲೇ ಶುರು. ತಾಮ್ರದ ಕ್ಲಿಪ್ ಮೆತ್ತಗೆ, ಬಣ್ಣವೂ ಬೇಗ ಕೆಡುತ್ತದೆ, ಆದರೆ ಉಜ್ಜಿದರೆ ಒಳಗಿರುವುದು ತಾಮ್ರವೇ. ಸ್ಟೇನ್‌ಲೆಸ್ ಸ್ಟೀಲ್ ತಾಮ್ರದಷ್ಟು ಚೆನ್ನಾಗಿ ವಿದ್ಯುತ್ ಹರಿಸುವುದಿಲ್ಲ ಎಂದು ಕೆಲವರು ಬೇಡವೆನ್ನುತ್ತಾರೆ. ಕ್ಲಿಪ್‌ನ ಮೈ ಇರುವುದೇ ಒಂದೆರಡು ಇಂಚು, ಅದರ ರೋಧ ಲೆಕ್ಕಕ್ಕೇ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ಹಲ್ಲು ಮತ್ತು ತಂತಿ ಮುಟ್ಟುವ ಚುಕ್ಕೆಯಷ್ಟು ಜಾಗ.

ಆ ಜಾಗವನ್ನು ದೊಡ್ಡದು ಮಾಡುವುದೇ ಮುಖ್ಯ. ಇಗ್ನೈಟರಿನ ತಂತಿ ತೀರ ತೆಳು. ಕಾರ್ ಬ್ಯಾಟರಿಗೆ ಹಾಕುವಂಥ ದೊಡ್ಡ ಹಲ್ಲಿನ ಕ್ಲಿಪ್ ಅದನ್ನು ಒಂದೆರಡು ಕಡೆ ಮುಟ್ಟಿದರೆ ಹೆಚ್ಚು, ಮೇಲಾಗಿ ತನ್ನ ಭಾರಕ್ಕೆ ತಂತಿಯನ್ನು ಎಳೆದುಬಿಡುತ್ತದೆ. ಸಣ್ಣ ಕ್ಲಿಪ್, ಒತ್ತಾದ ಸಣ್ಣ ಹಲ್ಲು ಅಥವಾ ಚಪ್ಪಟೆ ದವಡೆ, ಬಿಗಿಯಾದ ಸ್ಪ್ರಿಂಗ್ ಇರಲಿ. ಕಚ್ಚಿಸಿದ ಮೇಲೆ ಉಳಿದ ತಂತಿಯನ್ನು ದವಡೆಗೆ ಒಂದು ಸುತ್ತು ಸುತ್ತಿ. ಎರಡು ಕ್ಲಿಪ್ ಒಂದಕ್ಕೊಂದು ತಾಗಬಾರದು, ಕೆಳಗಿನ ಲೋಹದ ತಟ್ಟೆಗೂ ತಾಗಬಾರದು. ತಾಗಿದರೆ ಕರೆಂಟ್ ಇಗ್ನೈಟರನ್ನು ಬಿಟ್ಟು ಅಡ್ಡದಾರಿ ಹಿಡಿಯುತ್ತದೆ.

ಕ್ಲಿಪ್‌ನ ಹಿಂಭಾಗ ಮರೆಯಬೇಡಿ. ತಂತಿಯನ್ನು ಬರೀ ಮಡಚಿ ಸಿಕ್ಕಿಸಿದ ಕ್ಲಿಪ್ ಅಲ್ಲಾಡಿ ಅಲ್ಲಾಡಿ ಅಲ್ಲೇ ಸಡಿಲವಾಗುತ್ತದೆ. ಮಡಚಿ ಒತ್ತಿದ ಮೇಲೆ ಬೆಸುಗೆ ಹಾಕಿಸಿ. ಉಡಾವಣೆ ಮುಗಿದ ದಿನವೇ ಒದ್ದೆ ಬಟ್ಟೆಯಿಂದ ಒರೆಸಿ (ಆ ಲವಣಗಳು ನೀರಿನಲ್ಲಿ ಕರಗುತ್ತವೆ), ಒಣಗಿಸಿ, ದವಡೆಯ ಒಳಭಾಗವನ್ನು ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ. ನಮ್ಮನ್ನು ಕೇಳಿದರೆ, ಎಂದೂ ಹಾಳಾಗದ ಕ್ಲಿಪ್ ಹುಡುಕುವುದಕ್ಕಿಂತ ಸಣ್ಣ ತಾಮ್ರದ ಕ್ಲಿಪ್‌ಗಳನ್ನು ಗೇಣುದ್ದ ತಂತಿಗೆ ಬೆಸೆದು, ಕನೆಕ್ಟರ್ ಮೂಲಕ ಮುಖ್ಯ ತಂತಿಗೆ ಸೇರಿಸುವುದು ಮೇಲು. ಕೆಟ್ಟಾಗ ಆ ತುಂಡನ್ನಷ್ಟೇ ಬದಲಿಸಬಹುದು.

ಒಂದು ಎಚ್ಚರಿಕೆ. ಬಟನ್ ಒತ್ತಿದರೂ ಹೊತ್ತದ ರಾಕೆಟ್ ಕಡೆ ಓಡಬೇಡಿ. ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸುರಕ್ಷತಾ ನಿಯಮದಂತೆ ಮೊದಲು ನಿಯಂತ್ರಕದ ಸುರಕ್ಷತಾ ಕೀಲಿ ತೆಗೆಯಬೇಕು ಅಥವಾ ಬ್ಯಾಟರಿ ಕಳಚಬೇಕು, ನಂತರ 60 ಸೆಕೆಂಡ್ ಕಾಯಬೇಕು. ಸಣ್ಣ ಮೋಟಾರಿಗೂ ಕನಿಷ್ಠ 5 ಮೀಟರ್ ದೂರ ಇರಬೇಕು. ದೀಪಾವಳಿಯ ರಾಕೆಟ್ಟಿಗೆ ತಂತಿ ಕಟ್ಟಿ ಇದನ್ನೆಲ್ಲ ಪ್ರಯೋಗಿಸಲು ಹೋಗಬೇಡಿ.

ಕೆಲಸ ಹೋದ ಕಥೆ ನಿಜವೇ?

ಅರ್ಧ ನಿಜ. ಓಮ್ ಅವರಿಗೆ ವಿಶ್ವವಿದ್ಯಾಲಯದ ಹುದ್ದೆ ಬೇಕಿತ್ತು. ಅದಕ್ಕಾಗಿ 1826ರಲ್ಲಿ ಶಾಲೆಯಿಂದ ಅರ್ಧ ಸಂಬಳದ ರಜೆ ಪಡೆದು ಬರ್ಲಿನ್ನಿಗೆ ಹೋದರು. ತಮ್ಮ ಸಿದ್ಧಾಂತವನ್ನು ಪೂರ್ತಿ ಗಣಿತದ ರೂಪದಲ್ಲಿ ಬರೆದು 1827ರಲ್ಲಿ ಪುಸ್ತಕ ತಂದರು. ಪುಸ್ತಕ ಬಂತು, ಹುದ್ದೆ ಬರಲಿಲ್ಲ. ಪ್ರಯೋಗಕ್ಕೆ ಇಷ್ಟೊಂದು ಗಣಿತ ಬೆರೆಸುವುದು ಅಂದಿನ ಹಲವು ಜರ್ಮನ್ ವಿದ್ವಾಂಸರಿಗೆ ರುಚಿಸಲಿಲ್ಲ. ಬರ್ಲಿನ್ನಿನ ಒಂದು ಪತ್ರಿಕೆ ಪುಸ್ತಕವನ್ನು ಕಟುವಾಗಿ ಟೀಕಿಸಿತು. ಆದರೆ ಅವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ನೊಂದ ಓಮ್ 1828ರಲ್ಲಿ ತಾವೇ ಕಲೋನ್ ಶಾಲೆಗೆ ರಾಜೀನಾಮೆ ಕೊಟ್ಟರು. ಆಮೇಲಿನ ಐದು ವರ್ಷ ಬರ್ಲಿನ್ನಿನ ಸೈನಿಕ ಶಾಲೆಯಲ್ಲಿ ವಾರಕ್ಕೆ ಕೆಲವು ಗಂಟೆ ಗಣಿತ ಹೇಳಿಕೊಟ್ಟು ಬದುಕಿದರು. ಮೂವತ್ತೇಳರ ವಯಸ್ಸಿನಲ್ಲಿ ಜೀವನದ ದೊಡ್ಡ ಕೆಲಸ ಮುಗಿಸಿದ ಮನುಷ್ಯ ನಲವತ್ತು ದಾಟಿದರೂ ಬಿಡಿ ಪಾಠ ಹೇಳುತ್ತಿದ್ದರು. ಕೆಲಸದಿಂದ ತೆಗೆದರು ಎಂಬ ಕಥೆಗಿಂತ ಇದೇ ಹೆಚ್ಚು ನೋವಿನದು ಅನಿಸುತ್ತದೆ.

ಓಮ್‌ಗಿಂತ ಮೊದಲೇ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಇದನ್ನು ಕಂಡುಕೊಂಡಿದ್ದರು ಎಂಬ ಮಾತೂ ಇದೆ. ಅದು ನಿಜ. 1781ರಲ್ಲಿ ಅವರು ತಮ್ಮ ಮೈಗೇ ಶಾಕ್ ಹೊಡೆಸಿಕೊಂಡು, ಅದರ ಜೋರು ಹೋಲಿಸಿ ಅಳೆದಿದ್ದರು. ಆದರೆ ಪ್ರಕಟಿಸಲಿಲ್ಲ. ಆ ಟಿಪ್ಪಣಿಗಳನ್ನು ಮ್ಯಾಕ್ಸ್‌ವೆಲ್ ಹೊರತಂದದ್ದು 1879ರಲ್ಲಿ. ಓಮ್ ಅವರಿಗೆ ಅದು ಗೊತ್ತಿರಲು ಸಾಧ್ಯವೇ ಇರಲಿಲ್ಲ.

1833ರಲ್ಲಿ ನ್ಯೂರೆಂಬರ್ಗಿನ ಪಾಲಿಟೆಕ್ನಿಕ್‌ನಲ್ಲಿ ಕೆಲಸ ಸಿಕ್ಕಿತು. ಟೆಲಿಗ್ರಾಫ್ ತಂತಿಗಳು ಊರಿಂದೂರಿಗೆ ಹಬ್ಬತೊಡಗಿದಾಗ ಉದ್ದ ತಂತಿಯಲ್ಲಿ ಕರೆಂಟ್ ಎಷ್ಟು ಉಳಿಯುತ್ತದೆ ಎಂಬುದು ಹಣದ ಪ್ರಶ್ನೆಯಾಯಿತು. ಓಮ್ ಅವರ ಪುಸ್ತಕಕ್ಕೆ ಬೆಲೆ ಬಂತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಬಯಸಿದ್ದ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪೀಠ ಸಿಕ್ಕಿದ್ದು 1852ರಲ್ಲಿ, ಮ್ಯೂನಿಕ್‌ನಲ್ಲಿ. ಆಗ ವಯಸ್ಸು 63. ಅದನ್ನು ಅನುಭವಿಸಲು ದೊರೆತದ್ದು ಎರಡೇ ವರ್ಷ. 1854ರ ಜುಲೈ 6ರಂದು ತೀರಿಕೊಂಡರು. ಮದುವೆಯಾಗಿರಲಿಲ್ಲ.

ರೋಧದ ಅಳತೆಗೆ ಓಮ್ ಎಂಬ ಹೆಸರನ್ನು 1881ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ವಿದ್ಯುತ್ ತಜ್ಞರ ಅಂತರರಾಷ್ಟ್ರೀಯ ಸಭೆ ಒಪ್ಪಿಕೊಂಡಿತು. ಹೆಸರು ಸಿಕ್ಕಿತು, ಒಂದು ಓಮ್ ಅಂದರೆ ನಿಖರವಾಗಿ ಎಷ್ಟು ಎಂದು ತೋರಿಸಲು ಎಲ್ಲ ದೇಶಗಳಿಗೂ ಒಂದು ವಸ್ತು ಬೇಕಿತ್ತು. 1893ರಲ್ಲಿ ಶಿಕಾಗೊದಲ್ಲಿ ಸೇರಿದ ಸಭೆ ಅದನ್ನು ತೀರ್ಮಾನಿಸಿತು: ಕರಗುವ ಮಂಜುಗಡ್ಡೆಯಷ್ಟು ತಣ್ಣಗಿರುವ, 106.3 ಸೆಂಟಿಮೀಟರ್ ಉದ್ದದ ಪಾದರಸದ ಕಂಬ. ಕಲೋನ್ ಶಾಲೆಯ ಪ್ರಯೋಗಾಲಯದಲ್ಲಿ ಮೇಷ್ಟ್ರು ತಂತಿಯ ತುದಿಗಳನ್ನು ಅದ್ದುತ್ತಿದ್ದ ಅದೇ ಪಾದರಸ.